‘ಪ್ರಾಕ್ಸಿ’ಗೆ ಏನನ್ನೋಣ? ಕುರುಹು ಸಾಕೇ?

ಗೆಳೆಯರಿಗೆ ನಮಸ್ಕಾರ.

ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ: ‘ಪ್ರಾಕ್ಸಿ’. ನೇರವಾಗಿ ಅಳೆಯಲಾಗದ್ದರ ಅಳತೆಯನ್ನು ಅದರ ಪರವಾಗಿ ಹೇಳುವ ವಸ್ತುವಿಗೆ ವಿಜ್ಞಾನದಲ್ಲಿ ಹೀಗನ್ನುತ್ತಾರೆ, ಅದಕ್ಕೆ ಕನ್ನಡ ಬೇಕು. ಮಲ್ಲೇಶ್ವರದ ಒಂದು ಹೈಸ್ಕೂಲಿಗೆ ಗೋಡೆಗೆ ಹಾಕುವ ಚಿತ್ರಪಟ ಬರೆದುಕೊಡಬೇಕು. ವಿಷಯ: ಸಾವಿರಾರು ವರ್ಷ ಹಿಂದಿನ ಕಡಲು ಎಷ್ಟು ಬಿಸಿ ಇತ್ತು ಅಂತ ಇವತ್ತು ಹೇಗೆ ತಿಳಿಯುತ್ತಾರೆ. ಬರೆಯೋ ಮುಂಚೆ ಮಕ್ಕಳಿಗೆ ಬಾಯಲ್ಲಿ ಹೇಳಿ ನೋಡೋಣ ಅಂತ ಹೋದ ವಾರ ಹೋಗಿದ್ದೆ. “ಈ ಚಿಪ್ಪು ತಾಪಮಾನಕ್ಕೆ ಪ್ರಾಕ್ಸಿ” ಅಂದೆ. ಹಿಂದಿನ ಬೆಂಚು ಕಿಸಕ್ಕನೆ ನಕ್ಕಿತು. ಆಮೇಲೆ ಹೊಳೆಯಿತು. ಈ ಊರಿನ ಮಕ್ಕಳಿಗೆ ಪ್ರಾಕ್ಸಿ ಅಂದರೆ ಕ್ಲಾಸಿಗೆ ಚಕ್ಕರ್ ಹೊಡೆದ ಗೆಳೆಯನ ಪರವಾಗಿ “ಪ್ರೆಸೆಂಟ್ ಸಾರ್” ಅನ್ನೋದು!

ಹೋಲಿಕೆ ಅಷ್ಟೇನೂ ತಪ್ಪಲ್ಲ ಅನ್ನಿ. 20,000 ವರ್ಷದ ಹಿಂದೆ ಅರಬ್ಬೀ ಸಮುದ್ರಕ್ಕೆ ಥರ್ಮಾಮೀಟರ್ ಇಳಿಬಿಟ್ಟವರು ಯಾರೂ ಇಲ್ಲ. ಬಾರದ ಥರ್ಮಾಮೀಟರಿನ ಹಾಜರಿಯನ್ನು ಚಿಪ್ಪು ಕೂಗುತ್ತದೆ.

ಚಿಪ್ಪು ಅಂದರೆ ಕಪ್ಪೆಚಿಪ್ಪು ಅಂದುಕೊಳ್ಳಬೇಡಿ. ಇದು ಫೊರಾಮಿನಿಫೆರಾ ಅನ್ನುವ ಒಂದೇ ಕೋಶದ ಜೀವಿಯದು. ಗಸಗಸೆ ಕಾಳಿಗಿಂತಲೂ ಸಣ್ಣದು. ಪರಿಚಯದ ಸಂಶೋಧಕಿಯೊಬ್ಬರು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕಪ್ಪು ತಟ್ಟೆಯ ಮೇಲೆ ಬೆಳ್ಳಗೆ, ನಾಗರಪಂಚಮಿಯ ಜೋಳದ ಅರಳಿನ ಥರ ಉಬ್ಬುಬ್ಬಾಗಿ ಕಂಡವು. ಸಣ್ಣ ಬ್ರಷ್ಷಿನ ತುದಿ ಒದ್ದೆ ಮಾಡಿಕೊಂಡು ಅವರು ಒಂದೊಂದನ್ನೇ ಹೆಕ್ಕುತ್ತಿದ್ದರು. ನಾನು ಉಸಿರು ಬಿಡೋದಕ್ಕೂ ಹೆದರಿ ಕೂತಿದ್ದೆ.

ಈ ಚಿಪ್ಪು ಸುಣ್ಣದ್ದು. ಸುಣ್ಣದಲ್ಲಿ ಆಮ್ಲಜನಕ ಇದೆ. ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ: ಹಗುರದ 16 ಜಾಸ್ತಿ, ಭಾರದ 18 ಸ್ವಲ್ಪ. ನೀರು ತಣ್ಣಗಿದ್ದಷ್ಟೂ ಚಿಪ್ಪಿನಲ್ಲಿ 18ರ ಪಾಲು ಏರುತ್ತದೆ. ಇದರಿಂದ ಹಳೆಯ ತಾಪಮಾನ ತಿಳಿಯಬಹುದು ಅಂತ ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ 1947ರಲ್ಲಿ ತೋರಿಸಿಕೊಟ್ಟರು. 1955ರಲ್ಲಿ ಭೂವಿಜ್ಞಾನಿ ಚೆಸಾರೆ ಎಮಿಲಿಯಾನಿ ಕಡಲತಳದ ಕೆಸರಿನಿಂದ ತೆಗೆದ ಚಿಪ್ಪುಗಳನ್ನಿಟ್ಟುಕೊಂಡು ಹಿಮಯುಗಗಳ ಏರಿಳಿತವನ್ನೇ ಗೆರೆ ಎಳೆದು ತೋರಿಸಿದರು.

ಪದದ ತೊಡಕು ಇಲ್ಲಿಂದ ಶುರು. ನಾನು ಮೊದಲು ಬರೆದದ್ದು ‘ಸಾಕ್ಷಿ’. ಚಿಪ್ಪು ಆ ನೀರಿನಲ್ಲೇ ಬೆಳೆದದ್ದು, ಅದಕ್ಕಿಂತ ಒಳ್ಳೇ ಸಾಕ್ಷಿ ಬೇಕೇ? ಆದರೆ 1967ರಲ್ಲಿ ಇನ್ನೊಬ್ಬ ಭೂವಿಜ್ಞಾನಿ ನಿಕೊಲಸ್ ಶಾಕಲ್‌ಟನ್ ಈ ಸಾಕ್ಷಿಗೆ ಪಾಟೀಸವಾಲು ಹಾಕಿದರು. ಕಡಲ ಮೇಲ್ಪದರದ ಚಿಪ್ಪು, ತಳದ ಚಿಪ್ಪು ಎರಡರಲ್ಲೂ 18ರ ಏರಿಳಿತ ಹೆಚ್ಚುಕಡಿಮೆ ಒಂದೇ. ತಳದ ನೀರು ಮೊದಲೇ ಕೊರೆಯುವಷ್ಟು ತಣ್ಣಗಿದೆ, ಇನ್ನೆಷ್ಟು ತಣ್ಣಗಾದೀತು? ಹಾಗಾದರೆ ಚಿಪ್ಪು ಹೇಳುತ್ತಿರುವುದು ಬಹುಪಾಲು ಮಂಜುಗಡ್ಡೆಯ ಕತೆ. ಹಗುರದ 16 ಇರುವ ನೀರು ಸುಲಭವಾಗಿ ಆವಿಯಾಗಿ ಹೋಗಿ ನೆಲದ ಮೇಲೆ ಹಿಮವಾಗಿ ಕೂತುಬಿಡುತ್ತದೆ. ಕಡಲಿನಲ್ಲಿ 18ರ ಪಾಲು ಹೆಚ್ಚುತ್ತದೆ. ಹಿಮಯುಗದ ಕಡುಚಳಿಯಲ್ಲಿ ಹೀಗೆ ಕೂತ ನೀರು ಎಷ್ಟೆಂದರೆ, ಕಡಲಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು.

ಎರಡು ಮಾತನ್ನು ಒಟ್ಟಿಗೆ ಆಡುವವರನ್ನು ನಾವು ಸಾಕ್ಷಿ ಅನ್ನುತ್ತೇವಾ? ಅದಕ್ಕೇ ಈಗ ಅದೇ ಚಿಪ್ಪಿನ ಮೆಗ್ನೀಸಿಯಮ್ಮನ್ನೂ ಅಳೆಯುತ್ತಾರೆ. ನೀರು ಒಂದು ಡಿಗ್ರಿ ಬಿಸಿಯಾದರೆ ಅದು ನೂರಕ್ಕೆ ಸುಮಾರು 9ರಷ್ಟು ಏರುತ್ತದೆ.

ಉಳಿದ ಪದಗಳು. ‘ಬದಲಿ’ ಅಂದರೆ ಬದಲಿ ನಿವೇಶನ ನೆನಪಾಗುತ್ತದೆ. ‘ಪ್ರತಿನಿಧಿ’ಗೆ ಓಟು ಬೇಕು. ‘ಪರೋಕ್ಷ ಸೂಚಕ’ ಅರ್ಥದಲ್ಲಿ ಸರಿಯೇ, ಆದರೆ ಸುತ್ತೋಲೆಯ ವಾಸನೆ. ನನ್ನ ಮನಸ್ಸು ‘ಕುರುಹು’ ಕಡೆಗೆ. ಇಷ್ಟಲಿಂಗವನ್ನು ಅರಿವಿನ ಕುರುಹು ಅನ್ನುತ್ತಾರಲ್ಲ, ಕಾಣದ್ದಕ್ಕೆ ಕಾಣುವ ಗುರುತು, ಅದೇ ಅರ್ಥ ಇಲ್ಲಿಗೂ ಬೇಕು. ಒಂದೇ ಅಳುಕು. ಪತ್ರಿಕೆಯಲ್ಲಿ “ಶಿಲಾಯುಗದ ಕುರುಹು ಪತ್ತೆ” ಅಂದರೆ ಏನೋ ಉಳಿದಿದೆ ಅಂತ ಮಾತ್ರ. ಪ್ರಾಕ್ಸಿಯಲ್ಲಿ ಅಳತೆಯೂ ಇದೆ, ಅಂಕಿಯೂ ಬರುತ್ತದೆ. ‘ತಾಪಕುರುಹು’ ಅಂದರೆ ಅರಿಸಮಾಸ ಅಂತ ಇಲ್ಲಿನ ಹಿರಿಯರು ಕಿವಿ ಹಿಂಡುತ್ತೀರಿ. ‘ಬಿಸಿಗುರುಹು’ ಅಂತ ಬರೆದೆ, ಅಕ್ಕನ ಮಗಳು “ಬಿಸಿ ಗುರು ಯಾರು?” ಅಂದಳು.

ಅಮ್ಮನನ್ನು ಕೇಳಿದೆ. ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ತಲೆಕೆಳಗು ಮಾಡಿದರೂ ಎಣ್ಣೆ ಬೀಳದಿದ್ದರೆ ಚಳಿ ಎಷ್ಟಿದೆ ಅಂತ ಗೊತ್ತಾಗುತ್ತಲ್ಲ, ಆ ಎಣ್ಣೆಗೆ ಏನಂತೀಯ ಅಂತ. (ಅದು ಗಟ್ಟಿಯಾಗೋದು 24 ಡಿಗ್ರಿ ಆಸುಪಾಸು. ಎಮಿಲಿಯಾನಿಯಾ ಅನ್ನುವ ಕಡಲಪಾಚಿಯ ಜಿಡ್ಡಿನಲ್ಲೂ ನೀರಿನ ಬಿಸಿಗೆ ತಕ್ಕ ಹಾಗೆ ರಚನೆ ಬದಲಾಗುತ್ತದೆ. ಅದೂ ಒಂದು ಪ್ರಾಕ್ಸಿಯೇ.) ಅಮ್ಮ ಅಂದದ್ದು: “ಏನನ್ನೋದು? ಎಣ್ಣೆ ಹೇಳುತ್ತೆ ಅಷ್ಟೇ.”

ಅವರಿಗೆ ಹೆಸರುಪದವೇ ಬೇಕಾಗಲಿಲ್ಲ! ಸರಿ, ಸಾಲುಗಳಲ್ಲಿ ನಾನೂ “ಚಿಪ್ಪು ಹೇಳುವ ತಾಪಮಾನ” ಅಂತಲೇ ಬರೆದುಕೊಂಡಿದ್ದೇನೆ, ಸರಾಗವಾಗಿದೆ. ಆದರೆ ಪಟದಲ್ಲಿ ಒಂದು ಪಟ್ಟಿ ಇದೆ: ಚಿಪ್ಪು, ಪಾಚಿ ಜಿಡ್ಡು, ಹವಳ. ಅದರ ತಲೆಬರಹಕ್ಕೆ ಕ್ರಿಯಾಪದ ಕೂರುವುದಿಲ್ಲ.

ಹಾಗೇ ಇನ್ನೊಂದು. ಪತ್ರಿಕೆಗಳು ‘ಹವಾಮಾನ ಬದಲಾವಣೆ’ ಅನ್ನುತ್ತವೆ, ನಾನು ‘ವಾಯುಗುಣ ಬದಲಾವಣೆ’ ಅಂತ ಹಾಕಿದ್ದೇನೆ. ಹವಾಮಾನ ಇಲಾಖೆ ಹೇಳೋದು ನಾಳೆಯ ಮಳೆ, ಇದು ಸಾವಿರಾರು ವರ್ಷದ ಮಾತು. ಶಾಲೆಯ ಭೂಗೋಳದಲ್ಲೂ ವಾಯುಗುಣವೇ ಇರೋದು. ಇದನ್ನು ಬದಲಿಸೋದಿಲ್ಲ, ಜಗಳಕ್ಕೆ ಬರಬೇಡಿ.

ಹಳೆಯ ತಾಪಮಾನ ಕಂಡುಕೊಳ್ಳೋದಕ್ಕೆ ಇಂಗ್ಲಿಷಿನಲ್ಲಿ ‘ರೀಕನ್‌ಸ್ಟ್ರಕ್ಷನ್’ ಅನ್ನುತ್ತಾರೆ. ಅದಕ್ಕೆ ‘ಪುನರ್ನಿರ್ಮಾಣ’ ಕೂಡ ಬೇಡ. ಬಿದ್ದ ಸೇತುವೆ ಕಟ್ಟಿದ ಹಾಗಿದೆ. ‘ಲೆಕ್ಕ ಕಟ್ಟುವುದು’ ಅಂದಿದ್ದೇನೆ.

ಉಳಿದದ್ದು ಆ ಪಟ್ಟಿಯ ತಲೆಬರಹ. ‘ಕುರುಹು’ ಅಂತಷ್ಟೇ ಇಟ್ಟರೆ ಎಂಟನೇ ಕ್ಲಾಸಿನ ಮಗುವಿಗೆ ಅಂಕಿಯ ವಿಷಯವೂ ಹೊಳೆಯುತ್ತದಾ? ನಿಮ್ಮ ಕಡೆ, ಮೀನುಗಾರರೋ ಒಕ್ಕಲಿಗರೋ, ಒಂದನ್ನು ನೋಡಿ ಇನ್ನೊಂದರ ಅಳತೆ ಹೇಳುವುದಕ್ಕೆ ಬೇರೆ ಮಾತು ಬಳಸುತ್ತಾರಾ? ಸೋಮವಾರ ಅಚ್ಚಿಗೆ ಕೊಡಬೇಕು.