ಬೆಂಗಳೂರಲ್ಲಿ ಬಾಡಿಗೆ ಮನೆ: ಓನರ್‌ಗಳು ನಿಜವಾಗಿ ಏನು ನೋಡುತ್ತಾರೆ?

ಪ್ರಶ್ನೆ: ನಾನು, ನನ್ನ ತಂಗಿ ಮುಂದಿನ ತಿಂಗಳು ದಾವಣಗೆರೆಯಿಂದ ಬೆಂಗಳೂರಿಗೆ ಬರುತ್ತಿದ್ದೇವೆ. ನನಗೆ ಮೊದಲ ಕೆಲಸ, ಅವಳು ಓದುತ್ತಿದ್ದಾಳೆ. ರಾಜಾಜಿನಗರದ ಕಡೆ ಮೂರು ಮನೆ ನೋಡಿದೆವು. ಎರಡು ಕಡೆ ‘ಫ್ಯಾಮಿಲಿಗೆ ಮಾತ್ರ’ ಅಂದರು. ಮೂರನೆಯವರು ‘ಹೇಳ್ತೀವಿ’ ಅಂದು ಸುಮ್ಮನಾದರು. ಅನುಭವ ಇದ್ದವರು ತಿಳಿಸಿ.

ಮನೆ ಮಾಲೀಕರೊಬ್ಬರು: ನೋಡಮ್ಮ, ನಮ್ಮದು ಬಸವೇಶ್ವರನಗರ. ಕೆಳಗೆ ನಾವಿದ್ದೇವೆ, ಮೇಲಿನ ಎರಡು ಮನೆ ಬಾಡಿಗೆಗೆ. ಒಮ್ಮೆ ಒಳ್ಳೆಯ ಸಂಬಳದವರಿಗೇ ಕೊಟ್ಟಿದ್ದೆ. ನಾಲ್ಕು ತಿಂಗಳು ಬಾಡಿಗೆ ಬರಲಿಲ್ಲ. ಕೇಳಿದರೆ ‘ಅಡ್ವಾನ್ಸಲ್ಲಿ ಹಿಡಿದುಕೊಳ್ಳಿ’ ಅಂದರು. ಆ ಬಾಡಿಗೆಯಿಂದಲೇ ನನ್ನ ಹೆಂಡತಿಯ ಔಷಧಿ ಬರಬೇಕಿತ್ತು. ಅಂದಿನಿಂದ ಸ್ಯಾಲರಿ ಸ್ಲಿಪ್ ನೋಡಿದರೂ ಅದನ್ನೇ ನಂಬಿ ಕೂರುವುದಿಲ್ಲ, ಹಳೆಯ ಓನರ್‌ಗೆ ಫೋನ್ ಮಾಡುತ್ತೇನೆ. ಈಗಿರುವ ಮನೆಯ ಓನರ್ ‘ಇವರು ಹೋದರೆ ಸಾಕು’ ಅಂತ ಹೊಗಳಿಬಿಡಬಹುದು. ಅದಕ್ಕೇ ಅದರ ಹಿಂದಿನವರನ್ನೂ ಕೇಳುತ್ತೇನೆ. ಎಷ್ಟನೇ ತಾರೀಖಿಗೆ ಬಾಡಿಗೆ ಕೊಡುತ್ತಿದ್ದರು, ಖಾಲಿ ಮಾಡುವಾಗ ಮನೆ ಹೇಗಿತ್ತು, ಅಷ್ಟೇ.

ನಿಮಗೆ ಹಳೆಯ ಓನರ್ ಇಲ್ಲ. ಹಾಗಾಗಿ ಆಫರ್ ಲೆಟರ್ ತೋರಿಸಿ, ಅಪ್ಪ ಅಮ್ಮನನ್ನು ಒಂದು ಸಲ ಜೊತೆಗೆ ಕರೆದುಕೊಂಡು ಬನ್ನಿ. ಅವರ ಜೊತೆ ಹತ್ತು ನಿಮಿಷ ಮಾತಾಡಿದರೆ ನಮ್ಮ ಅರ್ಧ ಅಂಜಿಕೆ ಹೋಗುತ್ತದೆ. ಎಷ್ಟು ಜನ ಇರುತ್ತೀರಿ ಅಂತ ಕೇಳುವುದು ನೀರಿಗಾಗಿ. ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಸಂಪ್ ಒಂದೇ. ನೆಂಟರು ಬಂದು ತಿಂಗಳುಗಟ್ಟಲೆ ಉಳಿಯುವುದಿದ್ದರೆ ಮೊದಲೇ ಹೇಳಿಬಿಡಿ.

ಎಂಟು ವರ್ಷದಿಂದ ಬಾಡಿಗೆಗಿರುವವರು: ಅವರು ನಿಮ್ಮನ್ನು ನೋಡುವ ಹಾಗೆ ನೀವೂ ಅವರನ್ನು ನೋಡಿ. ಮನೆ ನೋಡುವ ಮೊದಲೇ ಬ್ರೋಕರ್‌ಗೆ ಆಧಾರ್ ಕಳಿಸಬೇಡಿ, ಟೋಕನ್ ದುಡ್ಡಂತೂ ಬೇಡವೇ ಬೇಡ. ಮಾತು ಒಪ್ಪಿಗೆಯಾದ ಮೇಲೂ ಮಾಸ್ಕ್ಡ್ ಆಧಾರ್ ಕೊಡಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಅಡ್ವಾನ್ಸ್ 10 ತಿಂಗಳದು ಅಂದರೆ ಗಾಬರಿ ಬೇಡ, ಚೌಕಾಸಿ ಮಾಡಿ. ಬ್ಯಾಂಕ್ ಮೂಲಕವೇ ಕೊಡಿ.

ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದಕ್ಕೇ ಎಲ್ಲರೂ 11 ತಿಂಗಳಿಗೆ ಅಗ್ರಿಮೆಂಟ್ ಬರೆಸುತ್ತಾರೆ. ಅದರಲ್ಲಿ ಮನೆ ಬಿಡುವಾಗ ಪೇಂಟಿಂಗ್ ಖರ್ಚು ಯಾರದು ಅಂತ ಬರೆದಿರುವ ಸಾಲನ್ನು ಓದಿಯೇ ಸಹಿ ಹಾಕಿ. ನಾನು ಓದಿರಲಿಲ್ಲ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು.

ಇನ್ನೊಬ್ಬರು: ನನ್ನ ಅನುಭವ ಬೇರೆ. ಫೋನಿನಲ್ಲಿ ಎಲ್ಲಾ ಚೆನ್ನಾಗಿ ಮಾತಾಡುತ್ತಾರೆ. ಹೆಸರು ಹೇಳಿದ ಕೂಡಲೇ ‘ಆಗಲೇ ಬೇರೆಯವರಿಗೆ ಕೊಟ್ಟಾಯ್ತು’. ಸಂಬಳ, ಹಳೆಯ ಓನರ್ ನಂಬರ್, ಏನಿದ್ದೂ ಪ್ರಯೋಜನ ಆಗಲಿಲ್ಲ. ಇದು ತಪ್ಪು, ಅಲ್ವಾ? ಈಗ ಹೆಸರು, ನಾನ್‌ವೆಜ್ ಎರಡನ್ನೂ ಮೊದಲ ಫೋನಿನಲ್ಲೇ ಹೇಳುತ್ತೇನೆ. ಮನೆವರೆಗೂ ಹೋಗಿ ಮುಖ ಸಣ್ಣದು ಮಾಡಿಕೊಂಡು ಬರುವುದು ತಪ್ಪುತ್ತದೆ. ಕೊನೆಗೆ ಮನೆ ಸಿಕ್ಕಿದ್ದು ಬೇರೆ ಊರಲ್ಲಿರುವ ಓನರ್‌ದು. ಅವರು ಕೇಳಿದ್ದು ಕಂಪನಿ ಐಡಿ, ಮೂರು ತಿಂಗಳ ಸ್ಯಾಲರಿ ಸ್ಲಿಪ್, ಪೊಲೀಸ್ ವೆರಿಫಿಕೇಷನ್ ಮಾತ್ರ.

ಮನೆ ಮಾಲೀಕರು: ಓದಿ ಬೇಜಾರಾಯಿತು. ನಮ್ಮ ಬೀದಿಯಲ್ಲೂ ಹಾಗೆ ಮಾಡುವವರಿದ್ದಾರೆ. ಹೆಣ್ಣುಮಕ್ಕಳೇ, ನಮ್ಮ ಹಿಂದಿನ ರಸ್ತೆಯಲ್ಲಿ ಎರಡು ಟು-ಲೆಟ್ ಬೋರ್ಡ್ ನೋಡಿದ್ದೇನೆ. ಸಂಜೆ ವಾಕಿಂಗ್ ಹೋದಾಗ ವಿಚಾರಿಸಿ ತಿಳಿಸುತ್ತೇನೆ.