ಬರಿಗಾಲಿನಲ್ಲಿ ಹಿತ್ತಲಿಗೆ ಇಳಿಯುವುದು ಬೇಡ

ಪುಟ್ಟಿ, ನೀನು ಬೆಳಗ್ಗೆ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಸೊಸೆಯ ಕೈಯಲ್ಲಿ ಎರಡು ಸಲ ಓದಿಸಿ ಕೇಳಿದೆ. ಅಪ್ಪ ಬ್ಯಾಂಕಿನಿಂದ ನಿವೃತ್ತರಾಗಿ ನಾಲ್ಕು ತಿಂಗಳಾಯಿತು, ಬೆಳಕು ಹರಿಯುವ ಹೊತ್ತಿಗೆ ಹಿತ್ತಲಿಗೆ ಹೋದರೆ ಹತ್ತು ಗಂಟೆಯಾದರೂ ಒಳಗೆ ಬರುವುದಿಲ್ಲ, ಮಧ್ಯಾಹ್ನ ಹಿಟ್ಟು ಕಲಸಿಕೊಂಡು ಓವನ್ ಮುಂದೆ ನಿಂತಿರುತ್ತಾರೆ, ಸಂಜೆಯಾದರೆ ಪುಸ್ತಕ ಹಿಡಿದು ಕೂರುತ್ತಾರೆ, ಪುಣೆಯಿಂದ ಫೋನು ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುತ್ತಾರೆ, ಇದು ಖಿನ್ನತೆಯೇ, ಡಾಕ್ಟರಿಗೆ ತೋರಿಸಬೇಕೇ ಎಂದು ಕೇಳಿದ್ದೀಯೆ. ಫೋನಿನ ಸಣ್ಣ ಅಕ್ಷರಗಳನ್ನು ಒತ್ತುತ್ತಾ ಕೂತರೆ ನನಗೆ ಕಣ್ಣು ಮಂಜಾಗುತ್ತದೆ, ಆದ್ದರಿಂದ ಮಾತಿನಲ್ಲಿಯೇ ಉತ್ತರ ಹೇಳುತ್ತಿದ್ದೇನೆ. ಉದ್ದವಾಗುತ್ತದೆ. ಗುಂಪಿನಲ್ಲಿರುವ ಉಳಿದವರೂ ಕೊನೆಯವರೆಗೆ ಕೇಳಬೇಕು, ಏಕೆಂದರೆ ನಿಮ್ಮೆಲ್ಲರಿಗೂ ಹೇಳಬೇಕಾದದ್ದು ಇದರಲ್ಲಿದೆ.

ನಿನ್ನಪ್ಪ ಹುಟ್ಟಿದಾಗ ನನಗೆ ಹನ್ನೊಂದು ವರ್ಷ. ನಂಜನಗೂಡಿನ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಅವನ ಮೌನ ನನಗೆ ಹೊಸದಲ್ಲ. ಅವನು ಕೆಲಸಕ್ಕೆ ಸೇರಿದ ಮೇಲೆ ಒಂಬತ್ತು ಊರು ಸುತ್ತಿದ ಎಂಬುದನ್ನು ನೀನು ಮರೆಯಬಾರದು. ಬಳ್ಳಾರಿಯಲ್ಲಿ ದಾಳಿಂಬೆ ನೆಟ್ಟ, ಅದು ಕಾಯಿ ಕಚ್ಚುವ ಹೊತ್ತಿಗೆ ಕಾರವಾರಕ್ಕೆ ವರ್ಗವಾಯಿತು. ಕಾರವಾರದಲ್ಲಿ ಮಾವಿನ ಕಸಿಗಿಡ ನೆಟ್ಟ, ಮೊದಲ ಹೂವು ಕಂಡ ವರ್ಷವೇ ಬೀದರಿಗೆ ಹಾಕಿದರು. ತಾನು ನೆಟ್ಟ ಗಿಡದ ಹಣ್ಣನ್ನು ತಾನೇ ಕಿತ್ತು ತಿಂದದ್ದು ಅವನ ಜೀವಮಾನದಲ್ಲಿ ಒಮ್ಮೆಯೂ ಇಲ್ಲ. ಈಗ ಹಾಸನದಲ್ಲಿ ಸ್ವಂತ ಮನೆ, ಸ್ವಂತ ಹಿತ್ತಲು, ಮುಂದಿನ ವರ್ಷವೂ ಇಲ್ಲೇ ಇರುತ್ತೇನೆ ಎಂಬ ಧೈರ್ಯ. ಹತ್ತು ಗಂಟೆಯವರೆಗೆ ಅಲ್ಲಿರದೆ ಇನ್ನೆಲ್ಲಿರಬೇಕು? ಮನಸ್ಸು ಕುಗ್ಗಿದವರು ಮೊದಲು ಇಷ್ಟವಾಗುತ್ತಿದ್ದ ಕೆಲಸಗಳನ್ನೇ ಬಿಡುತ್ತಾರೆ, ಇವನಾದರೋ ಬಿಟ್ಟದ್ದನ್ನೆಲ್ಲ ಮತ್ತೆ ಹಿಡಿದಿದ್ದಾನೆ. ಊಟ, ನಿದ್ರೆ ಎರಡೂ ಚೆನ್ನಾಗಿವೆ ಎಂದು ನಿಮ್ಮಮ್ಮ ಮೊನ್ನೆಯಷ್ಟೇ ಹೇಳಿದಳು. ಊಟ ಸೇರದೆ, ರಾತ್ರಿ ಎಚ್ಚರವಾಗಿದ್ದು, ಯಾವುದೂ ಬೇಡವೆಂದು ಗೋಡೆ ನೋಡುತ್ತಾ ಕುಳಿತರೆ ಆಗ ಖಂಡಿತ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಬೇಕು, ತಡಮಾಡಬಾರದು. ಈಗ ನೀನು ಬರೆದಿರುವುದರಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ನನಗೆ ಹೆದರಿಕೆ ಹುಟ್ಟಿಸಿದ್ದು ನೀನು ಅದರ ಜೊತೆಗೆ ಹಾಕಿದ ಫೋಟೋ. ಬಾಳೆಯ ಪಾತಿಯಲ್ಲಿ ನಿಂತಿದ್ದಾನೆ, ಪಂಚೆ ಮೇಲೆ ಕಟ್ಟಿದ್ದಾನೆ, ಕಾಲಿನಲ್ಲಿ ಚಪ್ಪಲಿ ಇಲ್ಲ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಮನುಷ್ಯ ಕಣಕಾಲಿನವರೆಗೆ ಕೆಸರಿನಲ್ಲಿ ಬರಿಗಾಲಿನಲ್ಲಿ ನಿಂತಿರುವುದನ್ನು ನೋಡಿ ನನಗೆ ಕಾಫಿ ಗಂಟಲಿನಲ್ಲಿ ಇಳಿಯಲಿಲ್ಲ. ಅವನು ಬರಿಗಾಲಿನಲ್ಲಿ ಹಿತ್ತಲಿಗೆ ಇಳಿಯುವುದು ಬೇಡ. ಏಕೆ ಬೇಡವೆಂದು ನನ್ನ ಕಾಲಿಗೆ ಗೊತ್ತಿದೆ.

ನಿಮಗೆಲ್ಲ ನೆನಪಿರಬೇಕು, ನಾಲ್ಕು ವರ್ಷದ ಹಿಂದೆ ನಾನು ಮದುವೆಮನೆಗೆ ಬರಲಾಗದೆ ಹೋದದ್ದು. ಕಾಲಿಗೆ ನಿಂಬೆಮುಳ್ಳು ಚುಚ್ಚಿತಂತೆ ಎಂದಷ್ಟೇ ನಿಮ್ಮ ಕಿವಿಗೆ ಬಿದ್ದಿತ್ತು, ಆದದ್ದೇನೆಂದು ಯಾರೂ ಪೂರ್ತಿ ಕೇಳಲಿಲ್ಲ. ದೀಪಾವಳಿ ಕಳೆದ ಮೇಲೆ ಮಲ್ಲಿಗೆ ಗಿಡಗಳನ್ನು ಸವರುವುದು ನನ್ನ ರೂಢಿ. ಆಗ ಕೊಂಬೆ ಸವರಿ, ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರದ ಜೊತೆ ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಬೇಸಗೆಯಲ್ಲಿ ಮೊಗ್ಗು ಹಿಡಿದು ಬರುತ್ತದೆ. ಆ ದಿನ ಮಲ್ಲಿಗೆಯ ಕೆಲಸ ಬೇಗ ಮುಗಿಯಿತೆಂದು ನಿಂಬೆಗಿಡದ ಒಣಕೊಂಬೆಗಳನ್ನೂ ಕತ್ತರಿಸಿ ಕೆಳಗೆ ಹಾಕಿದೆ. ನಮ್ಮ ಅಮ್ಮ ತೋಟಕ್ಕೆ ಎಂದೂ ಚಪ್ಪಲಿ ಹಾಕಿಕೊಂಡು ಇಳಿದವಳಲ್ಲ, ಭೂಮಿತಾಯಿಯ ಮೇಲೆ ಚಪ್ಪಲಿ ಮೆಟ್ಟಿ ನಿಂತು ಗಿಡ ಮುಟ್ಟಬಾರದು ಎನ್ನುತ್ತಿದ್ದಳು, ನಾನೂ ಹಾಗೆಯೇ ಬೆಳೆದವಳು. ನೀರು ಹಾಯಿಸಿದ ಮಣ್ಣಿನ ತಂಪು ಅಂಗಾಲಿಗೆ ಹತ್ತುವುದು ಎಂಥ ಸುಖವೆಂದು ನನಗೂ ಗೊತ್ತು. ಆದರೆ ಆ ತಂಪು ನನ್ನ ಕಾಲಿಗೆ ವರ್ಷದಿಂದೀಚೆಗೆ ಸರಿಯಾಗಿ ತಿಳಿಯುತ್ತಲೇ ಇರಲಿಲ್ಲ ಎಂಬುದನ್ನು ಮಾತ್ರ ನಾನು ಗಮನಿಸಿರಲಿಲ್ಲ. ತಂಪು ತಿಳಿಯದ ಕಾಲಿಗೆ ಮುಳ್ಳೂ ತಿಳಿಯುವುದಿಲ್ಲ.

ನಿಂಬೆಯ ಮುಳ್ಳು ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಹೊಕ್ಕು ಒಳಗೇ ಮುರಿದಿತ್ತು. ನೋವಿಲ್ಲ. ಎರಡು ದಿನ ಎಂದಿನಂತೆ ಓಡಾಡಿದೆ, ದೇವಸ್ಥಾನಕ್ಕೂ ನಡೆದುಕೊಂಡು ಹೋಗಿ ಬಂದೆ. ಮೂರನೆಯ ದಿನ ಕೆಲಸದಾಕೆ ನೆಲ ಒರೆಸುತ್ತಾ, ಅಮ್ಮಾ, ಇದೇನು ಅಲ್ಲಲ್ಲಿ ಕಲೆ ಎಂದಳು. ಅಂಗಾಲು ತಿರುಗಿಸಿ ನೋಡಿದರೆ ಕೀವು ತುಂಬಿತ್ತು. ಡಾಕ್ಟರು ಸೀಳಿ ಮುಳ್ಳು ತೆಗೆದರು, ಧನುರ್ವಾಯುವಿನ ಚುಚ್ಚುಮದ್ದು ಹಾಕಿದರು, ಸಕ್ಕರೆ ನೋಡಿದರೆ 300 ದಾಟಿತ್ತು. ಆಮೇಲೆ ಒಂದು ಸಣ್ಣ ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ, ಕಣ್ಣು ಮುಚ್ಚಿಕೊಂಡು ಮುಟ್ಟಿದಾಗಲೆಲ್ಲ ಹೇಳಿ ಎಂದರು. ನಾಲ್ಕು ಕಡೆ ಅವರು ಮುಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಕಾಲಿನ ನರಗಳು ಮೊದಲು ಸೋಲುತ್ತವೆ, ರಕ್ತದ ಓಡಾಟವೂ ಕಡಿಮೆಯಾಗಿ ಗಾಯ ಬೇಗ ಮಾಯುವುದಿಲ್ಲ, ಇನ್ನೊಂದು ವಾರ ಕಳೆದಿದ್ದರೆ ಮೂಳೆಗೆ ಇಳಿದು ಬೆರಳು ತೆಗೆಯಬೇಕಾಗುತ್ತಿತ್ತು ಎಂದು ಅವರು ಮೆಲ್ಲಗೆ ಹೇಳಿದರು. ಆರು ವಾರ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಿಕೊಂಡೆ, ಅಷ್ಟು ದಿನವೂ ಎಡಗಾಲನ್ನು ನೆಲಕ್ಕೆ ಊರುವಂತಿರಲಿಲ್ಲ.

ಆ ಆರು ವಾರದಲ್ಲಿ ನನ್ನ ಕೈಹಿಡಿದದ್ದು ಓದು. ಮೂವತ್ತಮೂರು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಾ, ಸಂಬಳ ಬಂದ ದಿನ ಕೊಂಡು ತಂದು, ಬಿಡುವಾದಾಗ ಓದೋಣವೆಂದು ಕಪಾಟಿನಲ್ಲಿ ಇಟ್ಟಿದ್ದ ದಪ್ಪ ದಪ್ಪ ಕಾದಂಬರಿಗಳನ್ನು ಕಾಲನ್ನು ದಿಂಬಿನ ಮೇಲೆ ಇರಿಸಿಕೊಂಡು ಒಂದೊಂದಾಗಿ ಮುಗಿಸಿದೆ. ಪರೀಕ್ಷೆಯ ಪ್ರಶ್ನೆಗೆ ಇದು ಬರುತ್ತದೆಯೇ ಎಂದು ಯೋಚಿಸದೆ, ಒಂದು ಪುಟವನ್ನು ಬೇಕೆಂದರೆ ಮೂರು ಸಲ ಓದಬಹುದು ಎಂಬ ಸ್ವಾತಂತ್ರ್ಯ ನನಗೆ ಸಿಕ್ಕಿದ್ದು ಆಗಲೇ. ಆದ್ದರಿಂದ ನಿನ್ನಪ್ಪ ಸಂಜೆ ಪುಸ್ತಕ ಹಿಡಿದಾಗ ಫೋನು ಬೇಗ ಇಟ್ಟರೆ ನೀನು ನೊಂದುಕೊಳ್ಳಬೇಡ, ಫೋನು ಮಾಡುವ ಹೊತ್ತನ್ನು ಬದಲಾಯಿಸು. ಮಧ್ಯಾಹ್ನ ಕೇಕು ಓವನ್ ಒಳಗೆ ಹೋದ ಮೇಲೆ ಅವನಿಗೆ ಅರ್ಧ ಗಂಟೆ ಬೇರೆ ಕೆಲಸವಿರುವುದಿಲ್ಲ, ಆಗ ಮಾಡು.

ಮತ್ತೊಮ್ಮೆ ಹೇಳುತ್ತೇನೆ, ಬರಿಗಾಲಿನಲ್ಲಿ ಅವನು ಹಿತ್ತಲಿಗೆ ಇಳಿಯುವುದು ಬೇಡ. ನೋಯಲಿಲ್ಲ ಎಂದು ಅವನು ಹೇಳಿದರೆ ಅದನ್ನು ನಂಬಬೇಡ.

ಈಗ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ನಾಲ್ಕು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಾನು ಮಲಗಿದ್ದಾಗ ನೀವೆಲ್ಲ ಹಣ್ಣು ಹಿಡಿದುಕೊಂಡು ನೋಡಲು ಬಂದಿರಿ, ಅದಕ್ಕೆ ಸಂತೋಷ. ಆದರೆ ಬಂದವರೆಲ್ಲರ ಬಾಯಲ್ಲಿಯೂ ಒಂದೇ ಮಾತು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು. ಕಾಲಿಗೊಂದು ಮುಚ್ಚಿದ ಚಪ್ಪಲಿ ತಂದುಕೊಡೋಣ ಎಂದು ಒಬ್ಬರಿಗೂ ತೋಚಲಿಲ್ಲ. ತಾರಸಿಯ ಮೇಲಿನ ಹದಿನಾಲ್ಕು ಮಲ್ಲಿಗೆ ಕುಂಡಗಳಿಗೆ ನೀರು ಹಾಕಿ ಎಂದು ನಾನು ಮಲಗಿದಲ್ಲಿಂದಲೇ ಬೇಡಿಕೊಂಡೆ, ಆಯಿತು ಆಯಿತು ಎಂದವರು ಯಾರೂ ಮೆಟ್ಟಿಲು ಹತ್ತಲಿಲ್ಲ, ಹದಿನಾಲ್ಕರಲ್ಲಿ ಮೂರು ಉಳಿದವು. ನನ್ನ ಓವನ್ನನ್ನು ಅಟ್ಟಕ್ಕೆ ಏರಿಸಿದಿರಿ. ಅದಕ್ಕಿಂತ ಮಿಗಿಲಾಗಿ, ನನ್ನನ್ನು ಒಂದು ಮಾತು ಕೇಳದೆ ನಿಂಬೆಗಿಡವನ್ನು ಬುಡಸಮೇತ ಕಡಿಸಿದಿರಿ. ಅದು ಗೃಹಪ್ರವೇಶದ ವರ್ಷ ನಿಮ್ಮ ಮಾವನವರು ತಮ್ಮ ಕೈಯಾರೆ ನೆಟ್ಟ ಗಿಡ. ಇಪ್ಪತ್ತೆರಡು ವರ್ಷ ನಿಮ್ಮೆಲ್ಲರ ಮನೆಯ ಉಪ್ಪಿನಕಾಯಿ ಭರಣಿ ಆ ಗಿಡದಿಂದಲೇ ತುಂಬುತ್ತಿತ್ತು. ಗರಗಸದ ಸದ್ದು ಕೇಳಿದಾಗ ಪಕ್ಕದ ಮನೆಯದೆಂದುಕೊಂಡೆ. ಮರುದಿನ ಕಿಟಕಿಯಿಂದ ಆ ಜಾಗದಲ್ಲಿ ಬಿಸಿಲು ಬಿದ್ದದ್ದನ್ನು ನೋಡಿದ ಮೇಲೆ ನನಗೆ ಗೊತ್ತಾಯಿತು. ನೀವು ಪ್ರೀತಿಯಿಂದಲೇ ಮಾಡಿದಿರಿ ಎಂದು ನನಗೆ ತಿಳಿದಿದೆ. ಆದರೆ ತಪ್ಪು ಬರಿಗಾಲಿನದಾಗಿತ್ತು, ಗಿಡದ್ದಾಗಿರಲಿಲ್ಲ. ನಿನ್ನಪ್ಪನ ವಿಷಯದಲ್ಲಿ ನೀವು ಅದೇ ತಪ್ಪನ್ನು ಮಾಡಬಾರದು. ಅವನ ಗುದ್ದಲಿಯನ್ನು ಬಚ್ಚಿಡಬೇಡಿ, ಪುಸ್ತಕಗಳನ್ನು ಕಟ್ಟಿ ಮೂಲೆಗೆ ಸರಿಸಬೇಡಿ, ಓವನ್ ಬೇಡವೆನ್ನಬೇಡಿ.

ಕೇಕು ಎರಡು ಸಲ ಅಪ್ಪಚ್ಚಿಯಾಯಿತು, ಅದಕ್ಕೂ ಅಪ್ಪ ಬೇಸರ ಮಾಡಿಕೊಂಡರು ಎಂದು ಬರೆದಿದ್ದೀಯಲ್ಲ, ಅದಕ್ಕೆ ಕಾರಣ ಬಹುಶಃ ಸಣ್ಣದು. ಮೊಟ್ಟೆ ಹಾಕದ ಕೇಕಿನಲ್ಲಿ ಮೊಸರಿನ ಹುಳಿ ಅಡುಗೆ ಸೋಡಾಕ್ಕೆ ತಾಗಿದ ಕ್ಷಣದಿಂದಲೇ ಗುಳ್ಳೆ ಏಳಲು ಶುರುವಾಗುತ್ತದೆ. ಹಿಟ್ಟು ಕಲಸಿಟ್ಟು ಆಮೇಲೆ ಓವನ್ ಹಚ್ಚಿದರೆ ಅದು ಕಾಯುವಷ್ಟರಲ್ಲಿ ಗುಳ್ಳೆಯೆಲ್ಲ ಹೋಗಿಬಿಡುತ್ತದೆ. ಮೊದಲು ಓವನ್ 180 ಡಿಗ್ರಿಗೆ ಕಾದಿರಲಿ, ಕೊನೆಯಲ್ಲಿ ಸೋಡಾ ಸೇರಿಸಲಿ, ಕೂಡಲೇ ಒಳಗಿಡಲಿ, ಮೊದಲ ಇಪ್ಪತ್ತು ನಿಮಿಷ ಬಾಗಿಲು ತೆರೆದು ನೋಡುವುದು ಬೇಡ. ನಾವು ಚಿಕ್ಕವರಿದ್ದಾಗ ಅಪ್ಪ ಬೆಂಗಳೂರಿಗೆ ಹೋಗಿ ಬಂದರೆ ಅಯ್ಯಂಗಾರ್ ಬೇಕರಿಯ ಖಾರಾ ಬನ್ನನ್ನು ಕಾಗದದಲ್ಲಿ ಕಟ್ಟಿಸಿಕೊಂಡು ತರುತ್ತಿದ್ದರು, ನಿನ್ನಪ್ಪ ಅದರ ಹಸಿಮೆಣಸಿನ ಚೂರನ್ನು ಆರಿಸಿ ನನಗೆ ಕೊಟ್ಟು ಮಿಕ್ಕದ್ದನ್ನು ತಿನ್ನುತ್ತಿದ್ದ. ಆ ಬೇಕರಿಗಳನ್ನು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದವರಲ್ಲಿ ಬಹಳ ಮಂದಿ ಹಾಸನ ಜಿಲ್ಲೆಯ ಹಳ್ಳಿಗಳಿಂದಲೇ ಹೋದವರು, ಈಗ ಅವನು ಅದೇ ಹಾಸನದಲ್ಲಿ ಕುಳಿತು ಖಾರಾ ಬನ್ ಮಾಡಲು ಹೊರಟಿರುವುದು ನನಗೆ ತುಂಬಾ ಹಿಡಿಸಿತು. ಹಾಸನದ ಚಳಿಗೆ ಈಸ್ಟ್ ಹಾಕಿದ ಹಿಟ್ಟು ನಿಧಾನವಾಗಿ ಉಬ್ಬುತ್ತದೆ, ಗಡಿಯಾರ ನೋಡದೆ ಹಿಟ್ಟು ಎರಡರಷ್ಟಾಯಿತೇ ಎಂದು ನೋಡಲಿ. ಗೋಧಿಹಿಟ್ಟು, ಬೆಲ್ಲ ಹಾಕಿದರೆ ಸಕ್ಕರೆ ಏರುವುದಿಲ್ಲವೆಂದು ಮಾತ್ರ ತಿಳಿಯುವುದು ಬೇಡ, ಅದೂ ಏರಿಸುತ್ತದೆ. ಒಂದು ತುಂಡು ತಾನು ತಿಂದು ಮಿಕ್ಕದ್ದನ್ನು ಅಕ್ಕಪಕ್ಕದವರಿಗೆ ಕೊಡಲಿ, ನಾಲ್ಕು ಜನರ ಮಾತೂ ಸಿಗುತ್ತದೆ.

ಇನ್ನೊಂದು, ಅವನು ನಂಜನಗೂಡಿನಿಂದ ರಸಬಾಳೆಯ ಕಂದು, ಅಂದರೆ ಬುಡದಲ್ಲಿ ಏಳುವ ಮರಿ, ತಂದು ನೆಟ್ಟಿದ್ದಾನಂತೆ. ಕಂದು ಎಲ್ಲಿಂದ ತಂದ ಎಂದು ಕೇಳು. ನಮ್ಮ ಊರಿನ ರಸಬಾಳೆಯನ್ನು ಹಾಳು ಮಾಡಿದ್ದೇ ಪನಾಮಾ ಸೊರಗು ರೋಗ. ರೋಗದ ಬುಡದಿಂದ ತಂದ ಕಂದಿನ ಜೊತೆಗೆ ಅದೂ ಬರುತ್ತದೆ, ಮಣ್ಣಿಗೆ ಒಮ್ಮೆ ಸೇರಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ಅಂಗಾಂಶ ಕೃಷಿಯ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ, ಸಸಿ ಸಿಕ್ಕರೆ ಅದನ್ನೇ ನೆಡಲಿ.

ಅಯ್ಯೋ, ನೀನು ಕೇಳಿದ್ದು ಡಾಕ್ಟರಿಗೆ ತೋರಿಸಬೇಕೇ ಎಂದು, ಅದನ್ನು ಹೇಳದೆ ಎಲ್ಲೆಲ್ಲೋ ಹೋದೆ. ತೋರಿಸಬೇಕು, ಆದರೆ ಮನಸ್ಸಿಗಲ್ಲ, ಕಾಲಿಗೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಮಾಡಿಸಿ, ಆ ನೈಲಾನ್ ಎಳೆಯ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ ಮಾಡಿಸಿ. ಕೇಳದಿದ್ದರೆ ಎಲ್ಲರೂ ಮಾಡುವುದಿಲ್ಲ. ಧನುರ್ವಾಯುವಿನ ಚುಚ್ಚುಮದ್ದು ಕೊನೆಯ ಸಲ ಯಾವಾಗ ಹಾಕಿಸಿಕೊಂಡ ಎಂದು ವಿಚಾರಿಸಿ, ಹತ್ತು ವರ್ಷವಾಗಿದ್ದರೆ ಈಗಲೇ ಹಾಕಿಸಿ, ಏಕೆಂದರೆ ಆ ರೋಗದ ಬೀಜ ಇರುವುದೇ ಮಣ್ಣಿನಲ್ಲಿ ಮತ್ತು ಗೊಬ್ಬರದಲ್ಲಿ. ರಾತ್ರಿ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಒಂದು ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳಲಿ. ಕಣ್ಣಿಗೆ ಕಾಣದಿದ್ದರೆ ನಿಮ್ಮಮ್ಮ ನೋಡಲಿ. ಕಾಲನ್ನು ಬಿಸಿನೀರಿನಲ್ಲಿ ಅದ್ದುವುದು ಬೇಡ, ಸುಟ್ಟರೂ ತಿಳಿಯುವುದಿಲ್ಲ.

ಮುಂದಿನ ವಾರ ನೀನು ಹಾಸನಕ್ಕೆ ಹೋಗುತ್ತೀಯಲ್ಲ, ಆಗ ದಪ್ಪ ಅಟ್ಟೆಯ, ಬೆರಳು ಮುಚ್ಚುವ ಬೂಟು ಕೊಡಿಸು. ಫೋನಿನಲ್ಲಿ ತರಿಸಬೇಡ, ಅಂಗಡಿಗೆ ಕರೆದುಕೊಂಡು ಹೋಗು, ಅದೂ ಸಂಜೆಯ ಹೊತ್ತು, ಏಕೆಂದರೆ ಸಂಜೆಗೆ ಕಾಲು ತುಸು ಊದಿರುತ್ತದೆ. ಕಚ್ಚುತ್ತಿದೆಯೇ ಎಂದು ಅವನನ್ನು ಕೇಳಿದರೆ ಇಲ್ಲವೆನ್ನುತ್ತಾನೆ, ನೀನೇ ಬಗ್ಗಿ ಬೆರಳಿನ ತುದಿಯಲ್ಲಿ ಜಾಗ ಇದೆಯೇ ಎಂದು ಒತ್ತಿ ನೋಡು. ಪ್ರತಿದಿನ ಹಾಕಿಕೊಳ್ಳುವ ಮೊದಲು ಅದನ್ನು ಕೊಡವಿ ಒಳಗೆ ಕೈಹಾಕಿ ನೋಡುವುದನ್ನು ಅಭ್ಯಾಸ ಮಾಡಿಸು. ಎಷ್ಟಾಯಿತೆಂದು ನನಗೆ ತಿಳಿಸು, ಅದರ ದುಡ್ಡು ನಾನು ಕೊಡುತ್ತೇನೆ.