ಅಪ್‌ಡೇಟ್: ಹ್ಯಾಂಡಲ್ 'ಟಕ್' ಅನ್ನೋದು ನಿಂತಿತು

ಹೋದ ತಿಂಗಳು ಕೇಳಿದ್ದೆ: ಬಿಸಿಲೆ ಘಾಟ್ ಕಡೆ ಮಣ್ಣು ರಸ್ತೆ ಸುತ್ತಿ ಬಂದ ಮೇಲೆ ನನ್ನ 200 ಸಿಸಿ ಡ್ಯುಯಲ್ ಸ್ಪೋರ್ಟ್ (ಟಾರು, ಮಣ್ಣು ಎರಡಕ್ಕೂ ಆಗುವ) ಬೈಕಿನ ಹ್ಯಾಂಡಲ್ ನೇರಕ್ಕೆ ಬಂದಾಗ 'ಟಕ್' ಅಂತ ಕೂರುತ್ತದೆ, ಏನಿರಬಹುದು ಅಂತ. ಗ್ಯಾರೇಜಿನವರು ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು) ಬೆಂಡ್ ಅಂದಿದ್ದರು. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಲು ಫ್ರೇಮಿನ ಕತ್ತಿನಲ್ಲಿರುವ ಬೇರಿಂಗ್, ನೋಡಿ ಅಂದ ನಿಮ್ಮ ಮಾತೇ ನಿಜವಾಯ್ತು.

ಭಾನುವಾರ ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಎತ್ತಿ ಬಿಚ್ಚಿದೆ. ಗ್ರೀಸ್ ಕೆಂಪು ಕೆಸರಾಗಿತ್ತು. ಕೆಳಗಿನ ಕಪ್ಪಿನಲ್ಲಿ (ಬೇರಿಂಗ್ ಬಾಲ್‌ಗಳು ಓಡುವ ಬಳೆ) ಬಾಲ್‌ಗಳು ಕೂತ ಗುಳಿ, ಸುತ್ತಲೂ, ಥೇಟ್ ಪಡ್ಡಿನ ಕಾವಲಿ! ವಾಟರ್ ಸರ್ವೀಸ್‌ನಲ್ಲಿ ಪ್ರೆಶರ್ ಗನ್ ಅಲ್ಲಿಗೇ ಹಿಡಿಸಿ ಒಳಗೆ ನೀರು ನುಗ್ಗಿಸುತ್ತಿದ್ದವನು ನಾನೇ, ಯಾರನ್ನ ಬೈಯಲಿ?

ಹೊಸ ಕಪ್‌ಗಳನ್ನು ರಾತ್ರಿಯೆಲ್ಲ ಫ್ರೀಜರಿನಲ್ಲಿ, ಬಟಾಣಿ ಪಕ್ಕ ಇಟ್ಟಿದ್ದೆ. ಅಮ್ಮ ಬೈದರು. ಆದರೆ ತಣ್ಣಗಾದಾಗ ಕೂದಲೆಳೆಯಷ್ಟು ಕುಗ್ಗುತ್ತವೆ. ಹಳೇ ಕಪ್ಪನ್ನೇ ಮೇಲಿಟ್ಟು ತಟ್ಟಿದರೆ ಫ್ರೇಮಿನ ಕತ್ತಿನಲ್ಲಿ ಸಲೀಸಾಗಿ ಕೂತವು.

ಮೊದಲ ಸಲ ಕೋನ್ ಸೆಟ್ ಹಿಡಿಯುವ ನಟ್ ಜಾಸ್ತಿ ಬಿಗಿ ಮಾಡಿಬಿಟ್ಟೆ. ನಿಧಾನಕ್ಕೆ ಹೋದರೆ ಬೈಕ್ ಕುಡಿದವರ ಹಾಗೆ ಓಲಾಡುತ್ತಿತ್ತು. ಸ್ವಲ್ಪ ಸಡಿಲಿಸಿದೆ. ಈಗ ಚಕ್ರ ಎತ್ತಿ ಬೆರಳಲ್ಲಿ ತಳ್ಳಿದರೆ ಹ್ಯಾಂಡಲ್ ತಾನಾಗೇ ಪಕ್ಕಕ್ಕೆ ಬೀಳುತ್ತದೆ, ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆದರೆ ಆಟ ಇಲ್ಲ.

ಸುಮ್ನೆ ಇರಲಾರದೆ 30 ಮಿ.ಮೀ. ರೈಸರ್ (ಹ್ಯಾಂಡಲನ್ನು ಮೇಲೆತ್ತುವ ತುಂಡು) ಕೂಡ ಹಾಕಿದೆ. ನಿಂತು ಓಡಿಸೋಕೆ ಬೆನ್ನಿಗೆ ಹಾಯಾಗಿದೆ. ಆದರೆ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಕೇಬಲ್ ಎಳೆದು ಎಂಜಿನ್ ತಾನೇ ರೇಸ್ ಆಗುತ್ತಿತ್ತು. ಆಕ್ಸಿಲರೇಟರ್ ಕೇಬಲ್ ದಾರಿ ಬದಲಿಸಿದೆ, ಸರಿಹೋಯ್ತು. ಕ್ಲಚ್ ಕೇಬಲ್ ಇನ್ನೂ ಬಿಗಿ. ಉದ್ದದ್ದು ಹುಡುಕುತ್ತಿದ್ದೇನೆ.